ಕೇಸರಿ ಬೇಳೆ ತಿಂದರೆ ಕಾಲು ಬಿದ್ದುಹೋಗುತ್ತದೆಯೇ? ನಿಷೇಧ ಇರಬೇಕೇ, ಬೇಡವೇ?

ಒಗ್ಗರಣೆ_ಸೌಟು
ನಮ್ಮ ಸೋದರಮಾವನಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಎಂದು ನರರೋಗ ತಜ್ಞರು ಹೇಳಿದ್ದಾರೆ. ಮೊದಲು ಕೈಬೆರಳುಗಳು ಸೋತವು, ಈಗ ಮಾತೂ ತೊದಲುತ್ತಿದೆ. ಅಂದಿನಿಂದ ಮನೆಯಲ್ಲಿ ಪ್ರತಿಯೊಬ್ಬರೂ ಸಂಶೋಧಕರಾಗಿಬಿಟ್ಟಿದ್ದಾರೆ. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ತೊಗರಿಬೇಳೆಗೆ ಕೇಸರಿ ಬೇಳೆ ಬೆರೆಸುತ್ತಾರೆ, ಅದರಲ್ಲಿರುವ ವಿಷ ನರಗಳನ್ನು ಕೊಲ್ಲುತ್ತದೆ, ಈ ಕಾಯಿಲೆಗೆ ಅದೇ ಕಾರಣ ಎಂದು. ಅತ್ತೆ ಬೇಳೆ ತರಿಸುವುದನ್ನೇ ನಿಲ್ಲಿಸಿದ್ದಾರೆ. ಇದರಲ್ಲಿ ನಿಜವೆಷ್ಟು? ಸರ್ಕಾರ ನಿಷೇಧಿಸಿದ ಬೇಳೆಯಂತೆ, ಈಗ ನಿಷೇಧ ತೆಗೆಯಬೇಕೆಂದು ಕೆಲವರು ಹೇಳುತ್ತಿದ್ದಾರಂತೆ. ದಯವಿಟ್ಟು ‘ಗೂಗಲ್‌ನಲ್ಲಿ ಹುಡುಕಿ’ ಎನ್ನಬೇಡಿ. ಹುಡುಕಿ ತಲೆಕೆಟ್ಟೇ ಇಲ್ಲಿಗೆ ಬಂದಿದ್ದೇನೆ.

ಬಿಸಿಲುಕುದುರೆ
ವಾಟ್ಸಾಪ್ ವೈದ್ಯಕೀಯ ಕಾಲೇಜಿನ ಇನ್ನೊಂದು ಪದವಿ ಪ್ರದಾನ. ನಿರ್ಲಕ್ಷಿಸಿ.

ನರತಂತು
ನಿರ್ಲಕ್ಷಿಸುವಂಥದ್ದಲ್ಲ, ಅರ್ಧ ನಿಜ ಇದೆ. ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ರೋಗಿಯನ್ನು ನೋಡದೆ ರೋಗ ಹೇಳುವ ಅಭ್ಯಾಸ ನನಗಿಲ್ಲ, ಆದರೆ ನೀವು ಬರೆದ ಲಕ್ಷಣಗಳು ಕೇಸರಿ ಬೇಳೆಯ ಕಾಯಿಲೆಗೆ ಹೊಂದುವುದಿಲ್ಲ.

ಆ ಕಾಯಿಲೆಗೆ ಲ್ಯಾಥಿರಿಸಂ ಎನ್ನುತ್ತಾರೆ. ಅದು ಕಾಲಿಗೆ ಬರುತ್ತದೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಚಲನಾ ನರಗಳಲ್ಲಿ ಅತಿ ಉದ್ದದವು, ಅಂದರೆ ಕಾಲುಗಳನ್ನು ಆಳುವವು, ಮೊದಲು ಕೆಡುತ್ತವೆ. ಕಾಲು ಸೋತು ಜೋಲುವುದಿಲ್ಲ, ಬದಲಿಗೆ ಬಿಗಿಯುತ್ತದೆ. ಮೀನಖಂಡ ಸೆಟೆದು ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಮಂಡಿ ಸ್ವಲ್ಪ ಮಡಚಿರುತ್ತದೆ, ನಡೆಯುವಾಗ ಒಂದು ತೊಡೆ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಅಂಥವರ ಚಪ್ಪಲಿ ನೋಡಿದರೆ ಮುಂದಿನ ತುದಿ ಮಾತ್ರ ಸವೆದಿರುತ್ತದೆ, ಹಿಂದೆ ಹೊಸದರಂತೆ ಇರುತ್ತದೆ. ಸ್ಪರ್ಶ, ನೋವು, ಬುದ್ಧಿ, ಮಾತು ಎಲ್ಲವೂ ಸರಿಯಾಗಿರುತ್ತವೆ. ಎಲ್ಲಕ್ಕಿಂತ ಮುಖ್ಯ ಸಂಗತಿ: ಆ ಬೇಳೆ ತಿನ್ನುವುದನ್ನು ನಿಲ್ಲಿಸಿದ ಮೇಲೆ ಕಾಯಿಲೆ ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. ಆದರೆ ಹೋದ ಶಕ್ತಿ ಮರಳುವುದೂ ಇಲ್ಲ. ನಿಮ್ಮ ಮಾವನವರ ತೊಂದರೆ ಕೈಯಿಂದ ನಾಲಿಗೆಗೆ ಹಬ್ಬುತ್ತಿದೆ ಎಂದರೆ ಅದು ಬೇರೆ ದಾರಿಯ ಕಾಯಿಲೆ. ಮನೆಗೆ ಬೇಳೆ ತರಿಸಿ. ಆ ಸ್ಥಿತಿಯಲ್ಲಿ ಅವರಿಗೆ ಪ್ರೋಟೀನ್ ಬೇಕೇ ಬೇಕು. ನುಂಗಲು ಕಷ್ಟವಾಗತೊಡಗಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಒಗ್ಗರಣೆ_ಸೌಟು
ತುಂಬ ಧನ್ಯವಾದ. ಇದನ್ನು ಅತ್ತೆಗೆ ಓದಿ ಹೇಳುತ್ತೇನೆ. ಹಾಗಾದರೆ ಬೇಳೆಯಲ್ಲಿ ವಿಷ ಇರುವುದಂತೂ ನಿಜವೇ?

ಕಾಳುಕಡಿ
ನಿಜ. ಮತ್ತು ಅದನ್ನು ಕಂಡುಹಿಡಿದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಎಷ್ಟು ಕನ್ನಡಿಗರಿಗೆ ಗೊತ್ತು? 1964ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಈ ಕಾಳಿನಿಂದ ಒಂದು ಅಮೈನೋ ಆಮ್ಲವನ್ನು ಬೇರ್ಪಡಿಸಿದರು. ಪೂರ್ತಿ ಹೆಸರು ಬರೆದರೆ ನೀವು ಓಡಿಹೋಗುತ್ತೀರಿ, ಎಲ್ಲರೂ ಅದನ್ನು ಒಡಿಎಪಿ ಎನ್ನುತ್ತಾರೆ. ಕೋಳಿಮರಿಗಳಿಗೆ ಚುಚ್ಚಿದಾಗ ಅವುಗಳಿಗೆ ನರದ ತೊಂದರೆ ಕಾಣಿಸಿಕೊಂಡಿತು. ಬೆಳೆದ ಇಲಿಗಳು ಮಾತ್ರ ಜಗ್ಗಲಿಲ್ಲ. ಹಾಗಾಗಿ ‘ಇದೇ ಅಪರಾಧಿ’ ಎಂದು ಒಪ್ಪಿಸಲು ಬಹಳ ವರ್ಷ ಹಿಡಿಯಿತು. ಪೀಟರ್ ಸ್ಪೆನ್ಸರ್ ತಂಡ ಕೋತಿಗಳ ಮೇಲಿನ ಪ್ರಯೋಗ ಪ್ರಕಟಿಸಿದ್ದು 1986ರಲ್ಲಿ.

ವಿಷ_ವಿಷವೇ
ವಿಷ ಎಂದು ಸಾಬೀತಾಗಿದೆ, ಕಾನೂನು 1961ರಿಂದ ಮಾರಾಟ ನಿಷೇಧಿಸಿದೆ. ಇನ್ನೇನು ಚರ್ಚೆ? ಇಷ್ಟಾದರೂ ತೊಗರಿಬೇಳೆಗೆ, ಕಡಲೆಹಿಟ್ಟಿಗೆ ಬೆರೆಸುತ್ತಾರೆ ಎಂದರೆ ಬೆರೆಸುವವರನ್ನು ಜೈಲಿಗೆ ಹಾಕಬೇಕು. ಬೆಳೆಯುವುದನ್ನೂ ನಿಲ್ಲಿಸಬೇಕು.

ಹೊಲದ_ಬದು
ಅಷ್ಟು ಅವಸರ ಬೇಡ. ನಾನು ಕೃಷಿ ಓದಿದವನು, ಛತ್ತೀಸಗಢದಲ್ಲಿ ಕೆಲಕಾಲ ಕೆಲಸ ಮಾಡಿದ್ದೇನೆ. ಅಲ್ಲಿ ಇದಕ್ಕೆ ತೇವಡಾ ಎನ್ನುತ್ತಾರೆ. ಭತ್ತದ ಗದ್ದೆಯಲ್ಲಿ ಕೊಯ್ಲಿಗೆ ಮೊದಲೇ, ಪೈರು ನಿಂತಿರುವಾಗಲೇ, ಒದ್ದೆ ಮಣ್ಣಿನ ಮೇಲೆ ಕಾಳು ಎರಚಿಬಿಡುತ್ತಾರೆ. ಉಳುಮೆ ಇಲ್ಲ, ಗೊಬ್ಬರ ಇಲ್ಲ, ನೀರು ಹಾಯಿಸುವ ಮಾತೇ ಇಲ್ಲ. ಭತ್ತ ಕೊಯ್ದ ಮೇಲೆ ಅದೇ ಗದ್ದೆ ನೀಲಿ ಹೂವಿನಿಂದ ತುಂಬಿರುತ್ತದೆ. ನೀರು ನಿಂತರೂ ಬದುಕುತ್ತದೆ, ನೆಲ ಬಿರಿದರೂ ಬದುಕುತ್ತದೆ. ಮಣ್ಣಿಗೆ ಸಾರಜನಕ ಬೇರೆ ಕೊಡುತ್ತದೆ. ಕಾಳಿನಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್. ಇಂಥ ಬೆಳೆಯನ್ನು ಮೂಲದಿಂದಲೇ ಕಿತ್ತುಹಾಕಿ ಎನ್ನುವವರು ಆ ಗದ್ದೆಯಲ್ಲಿ ಬೇರೇನು ಬೆಳೆಯಬಹುದು ಎಂದೂ ಹೇಳಬೇಕು.

ಇನ್ನೊಂದು ವಿಷಯ. ನಿಷೇಧ ಇದ್ದದ್ದು ಮಾರಾಟಕ್ಕೆ. ಅದೂ ಎಲ್ಲ ರಾಜ್ಯಗಳಲ್ಲಿ ಒಂದೇ ರೀತಿ ಜಾರಿಯಾಗಲಿಲ್ಲ. ಬೆಳೆಯುವ ರೈತ ಬೆಳೆಯುತ್ತಲೇ ಇದ್ದ, ತಿನ್ನುತ್ತಲೂ ಇದ್ದ. ಮಾರುಕಟ್ಟೆಯಲ್ಲಿ ರಾಜಾರೋಷವಾಗಿ ಮಾರುವಂತಿಲ್ಲ ಎಂದಾದಾಗ ಅದು ಕದ್ದು ಬೇರೆ ಬೇಳೆಯೊಳಗೆ ಸೇರಿತು. ನೀವು ಬೈಯುವ ಕಲಬೆರಕೆಗೆ ನಿಷೇಧವೂ ಒಂದು ಕಾರಣ.

ವಿಷ_ವಿಷವೇ
ಕಳ್ಳತನಕ್ಕೆ ಕಾನೂನೇ ಕಾರಣ ಎಂದಂತಾಯಿತು. ಅದ್ಭುತ ತರ್ಕ.

ಹಳೆ_ಕಡತ
ಸ್ವಲ್ಪ ಇತಿಹಾಸ ಹೇಳಬಹುದೇ? ಈ ಜಗಳ ಹೊಸದಲ್ಲ. ಜರ್ಮನಿಯ ವುರ್ಟೆಂಬರ್ಗ್ ಎಂಬ ಸೀಮೆಯಲ್ಲಿ 1671ರಷ್ಟು ಹಿಂದೆಯೇ ಅಲ್ಲಿನ ಡ್ಯೂಕ್ ಈ ಕಾಳಿನ ಹಿಟ್ಟನ್ನು ರೊಟ್ಟಿಗೆ ಬೆರೆಸಬಾರದು ಎಂದು ಆಜ್ಞೆ ಹೊರಡಿಸಿದ್ದ. ನೆಪೋಲಿಯನ್ ಯುದ್ಧದ ಕಾಲದ ಮ್ಯಾಡ್ರಿಡ್ ಬರಗಾಲದಲ್ಲಿ ಜನ ಇದರ ಹಿಟ್ಟಿನ ಗಂಜಿ ಕುಡಿದು ಬದುಕಿದರು. ಸ್ಪೇನಿನ ಚಿತ್ರಕಾರ ಗೋಯಾ ಅದನ್ನು ಚಿತ್ರಿಸಿದ್ದಾನೆ. ಗಂಜಿಗೆ ಮುತ್ತಿದ ಜನರ ನಡುವೆ ಒಬ್ಬ ಹೆಂಗಸು ನೆಲದ ಮೇಲೆ ಬಿದ್ದಿದ್ದಾಳೆ.

ನಮ್ಮ ದೇಶದ್ದು ಇನ್ನೂ ಘೋರ. ಠಕ್ಕರನ್ನು ಹಿಡಿದ ಬ್ರಿಟಿಷ್ ಅಧಿಕಾರಿ ಸ್ಲೀಮನ್ ಗೊತ್ತಲ್ಲ, ಅವನು ಸಾಗರ ಪ್ರಾಂತ್ಯದಲ್ಲಿ (ನಮ್ಮ ಶಿವಮೊಗ್ಗದ ಸಾಗರವಲ್ಲ, ಮಧ್ಯಪ್ರದೇಶದ್ದು) ಕಂಡದ್ದನ್ನು ಬರೆದಿಟ್ಟಿದ್ದಾನೆ. 1829ರಲ್ಲಿ ಆಲಿಕಲ್ಲು ಬಿದ್ದು ಗೋಧಿ ಹೋಯಿತು, 1830ರಲ್ಲಿ ಮಳೆ ಕೈಕೊಟ್ಟಿತು, 1831ರಲ್ಲಿ ಬೆಳೆಗೆ ರೋಗ ಬಡಿಯಿತು. ಈ ಮೂರೂ ವರ್ಷ ಹುಲುಸಾಗಿ ಬೆಳೆದದ್ದು ತೇವಡಾ ಮಾತ್ರ. ಜನ ಅದನ್ನೇ ತಿಂದರು. 1833ರಲ್ಲಿ ಮೂವತ್ತರೊಳಗಿನ ಗಂಡುಹೆಣ್ಣುಗಳು ಇದ್ದಕ್ಕಿದ್ದಂತೆ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳತೊಡಗಿದರು. ರಾತ್ರಿ ಚೆನ್ನಾಗಿ ಮಲಗಿದವರು ಬೆಳಿಗ್ಗೆ ಏಳಲಾಗದ ಪ್ರಸಂಗಗಳು ನಂತರದ ವರದಿಗಳಲ್ಲೂ ಬರುತ್ತವೆ.

ಸುಮ್ಮನೆ_ಓದುವವ
ಸಾಗರ ಎಂದ ಕೂಡಲೇ ಗಾಬರಿಯಾಗಿತ್ತು. ಆವರಣಕ್ಕೆ ಧನ್ಯವಾದ.

ಮಣ್ಣಿನ_ಮಡಕೆ
ನಮ್ಮ ಹಿರಿಯರು ಎಲ್ಲವನ್ನೂ ಮಣ್ಣಿನ ಮಡಕೆಯಲ್ಲಿ ಬೇಯಿಸುತ್ತಿದ್ದರು, ಯಾವ ರೋಗವೂ ಇರಲಿಲ್ಲ. ಕುಕ್ಕರ್ ಬಂದ ಮೇಲೆಯೇ ಈ ನರದ ಕಾಯಿಲೆಗಳು ಶುರುವಾದದ್ದು.

ನರತಂತು
1833ರಲ್ಲಿ ಕುಕ್ಕರ್ ಎಲ್ಲಿತ್ತು ಸ್ವಾಮಿ? ತಮಾಷೆ ಏನೆಂದರೆ, ಇಥಿಯೋಪಿಯದಲ್ಲಿ 1990ರ ದಶಕದಲ್ಲಿ ಈ ಕಾಯಿಲೆಯ ಹಾವಳಿಯಾದ ನಂತರ ಮನೆಮನೆಗೆ ಹೋಗಿ ಅಧ್ಯಯನ ಮಾಡಿದಾಗ, ಈ ಕಾಳನ್ನು ಕೈಯಲ್ಲಿ ಮಾಡಿದ ಮಣ್ಣಿನ ಪಾತ್ರೆಯಲ್ಲೇ ಬೇಯಿಸುತ್ತಿದ್ದ ಮನೆಗಳಲ್ಲಿ ಕಾಯಿಲೆ ಹೆಚ್ಚಾಗಿ ಕಂಡುಬಂದಿತು. ಅದಕ್ಕೆ ಮಣ್ಣೇ ಕಾರಣ ಎಂದು ನಾನು ಹೇಳುವುದಿಲ್ಲ, ಆ ಮನೆಗಳ ಬಡತನವೂ ಲೆಕ್ಕಕ್ಕೆ ಬರುತ್ತದೆ. ಹಸಿ ಕಾಳು ತಿಂದವರಿಗೂ ಅಪಾಯ ಹೆಚ್ಚಿತ್ತು. ಧಾನ್ಯದ ಹಿಟ್ಟಿನೊಂದಿಗೆ ಬೆರೆಸಿ, ಬೆಳ್ಳುಳ್ಳಿ ಈರುಳ್ಳಿ ಹಾಕಿದ ಗೊಜ್ಜಿನಂತೆ ತಿಂದವರಿಗೆ ಕಡಿಮೆ.

ಮಣ್ಣಿನ_ಮಡಕೆ
ವಿದೇಶಿ ಅಧ್ಯಯನಗಳನ್ನು ನಾನು ನಂಬುವುದಿಲ್ಲ.

ರಾಗಿಮುದ್ದೆ_ರಂಗ
ಒಂದು ಸಂದೇಹ. ಒಂದು ಅಮೈನೋ ಆಮ್ಲ ನರವನ್ನು ಕೊಲ್ಲುವುದು ಹೇಗೆ? ಅಮೈನೋ ಆಮ್ಲ ಒಳ್ಳೆಯದಲ್ಲವೇ, ಜಿಮ್‌ನಲ್ಲಿ ಪುಡಿ ಮಾಡಿ ಮಾರುತ್ತಾರೆ!

ನರತಂತು
ನರಕೋಶಗಳು ಪರಸ್ಪರ ಮಾತಾಡಲು ಗ್ಲುಟಮೇಟ್ ಎಂಬ ರಾಸಾಯನಿಕ ಬಳಸುತ್ತವೆ. ಅದೂ ಅಮೈನೋ ಆಮ್ಲವೇ. ಒಡಿಎಪಿ ಆಕಾರದಲ್ಲಿ ಅದನ್ನೇ ಹೋಲುತ್ತದೆ. ನರಕೋಶದ ಮೇಲೆ ಗ್ಲುಟಮೇಟ್ ಬಂದು ಕೂರುವ ಗ್ರಾಹಕಗಳಲ್ಲಿ ಒಂದು ಬಗೆಗೆ, ಎಎಂಪಿಎ ಎನ್ನುವುದಕ್ಕೆ, ಹೋಗಿ ಕೂರುತ್ತದೆ. ಕೋಶ ಬಿಡುವಿಲ್ಲದೆ ಉದ್ರೇಕಗೊಳ್ಳುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಸೋಲುತ್ತವೆ, ಕೊನೆಗೆ ಕೋಶ ಸಾಯುತ್ತದೆ.

ಇದರ ಜೊತೆಗೆ ಇನ್ನೊಂದು ಏಟಿದೆ. ಆಮ್ಲಜನಕದ ಹಾನಿಯಿಂದ ಕೋಶವನ್ನು ಕಾಯುವ ಗ್ಲುಟಥಯಾನ್ ತಯಾರಾಗಲು ಗಂಧಕವಿರುವ ಅಮೈನೋ ಆಮ್ಲಗಳು ಬೇಕು: ಮೆಥಿಯೊನಿನ್, ಸಿಸ್ಟೀನ್. ಈ ಕಾಳಿನಲ್ಲಿ ಅವೆರಡೂ ತೀರಾ ಕಡಿಮೆ. ಅಂದರೆ ಹೊಡೆಯುವುದೂ ಅದೇ ಕಾಳು, ಗುರಾಣಿ ಕಸಿದುಕೊಳ್ಳುವುದೂ ಅದೇ ಕಾಳು. ಮೊಟ್ಟೆ, ಮೀನು, ಹಾಲು, ಗೋಧಿ ಇವುಗಳ ಪೈಕಿ ಏನಾದರೂ ತಟ್ಟೆಯಲ್ಲಿದ್ದರೆ ಅದೇ ಪ್ರಮಾಣದ ವಿಷ ಅಷ್ಟು ಕೆಡಕು ಮಾಡುವುದಿಲ್ಲ. ಆಹಾರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇದೇ ಕಾಳಾಗಿ, ಅದೂ ತಿಂಗಳುಗಟ್ಟಲೆ ತಿಂದವರಿಗೇ ಸಾಮಾನ್ಯವಾಗಿ ಕಾಯಿಲೆ ಬರುವುದು. ತೊಗರಿಯಲ್ಲಿ ನಾಲ್ಕು ಕಾಳು ಬೆರೆತದ್ದನ್ನು ಸಾರಿನಲ್ಲಿ ತಿಂದವರಿಗಲ್ಲ.

ತೋಟದ_ತಾಯಿ
ಅಯ್ಯೋ, ನಮ್ಮ ಅಂಗಳದಲ್ಲಿ ಸ್ವೀಟ್ ಪೀ ಹೂಬಳ್ಳಿ ಇದೆ. ಅದೂ ಕೇಸರಿ ಬೇಳೆಯ ಲ್ಯಾಥಿರಸ್ ಜಾತಿಯದೇ ಎಂದು ಓದಿದೆ. ಕಿತ್ತು ಹಾಕಲೇ? ಮೊಮ್ಮಗ ಎಲ್ಲವನ್ನೂ ಬಾಯಿಗಿಡುತ್ತಾನೆ.

ಕಾಳುಕಡಿ
ಹೂವು ನೋಡಿ ಆನಂದಿಸಿ, ಕಾಳು ಮಾತ್ರ ಮಗುವಿನ ಕೈಗೆ ಸಿಗದಿರಲಿ. ಅದರಲ್ಲಿರುವುದು ಒಡಿಎಪಿ ಅಲ್ಲ, ಬೇರೊಂದು ವಿಷ. ಪ್ರಯೋಗದ ಇಲಿಗಳಿಗೆ ಅದನ್ನು ತಿನ್ನಿಸಿದಾಗ ಕೆಟ್ಟದ್ದು ಮೂಳೆ ಮತ್ತು ರಕ್ತನಾಳ, ನರ ಅಲ್ಲ. ಎರಡನ್ನೂ ಲ್ಯಾಥಿರಿಸಂ ಎಂದು ಕರೆದು ವಿಜ್ಞಾನಿಗಳೇ ಗೊಂದಲ ಮಾಡಿಟ್ಟಿದ್ದಾರೆ.

ಬಿಸಿಲುಕುದುರೆ
ಹಾಗಾದರೆ ಸ್ಟೀಫನ್ ಹಾಕಿಂಗ್ ಯಾವ ಬೇಳೆ ತಿಂದಿದ್ದರು?

ನರತಂತು
ಯಾವುದೂ ಇಲ್ಲ. ಅವರದ್ದು ಎಎಲ್‌ಎಸ್, ಮೋಟಾರ್ ನ್ಯೂರಾನ್ ಕಾಯಿಲೆಯ ಒಂದು ಬಗೆ. ಅದರಲ್ಲಿ ಮಿದುಳಿನಿಂದ ಇಳಿಯುವ ಮೇಲಿನ ನರಕೋಶಗಳೂ ಅಲ್ಲಿಂದ ಸ್ನಾಯುವಿಗೆ ಹೋಗುವ ಕೆಳಗಿನವೂ ಸಾಯುತ್ತವೆ, ಸ್ನಾಯು ಕರಗುತ್ತದೆ. ಲ್ಯಾಥಿರಿಸಂ ಮೇಲಿನವುಗಳಿಗೆ ಸೀಮಿತ. ಎರಡೂ ಚಲನಾ ನರಕೋಶಗಳ ಕಾಯಿಲೆಗಳೇ, ಹಾಗೆಂದು ಒಂದೇ ಅಲ್ಲ.

ಹಳೆ_ಕಡತ
ಎಎಲ್‌ಎಸ್‌ಗೂ ಆಹಾರದ ಸಸ್ಯಕ್ಕೂ ಗಂಟು ಹಾಕಿದ ಪ್ರಸಿದ್ಧ ಪ್ರಕರಣ ಒಂದಿದೆ: ಪೆಸಿಫಿಕ್‌ನ ಗುವಾಮ್ ದ್ವೀಪ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಚಮೋರೊ ಜನರಲ್ಲಿ ಎಎಲ್‌ಎಸ್ ಹೋಲುವ ಕಾಯಿಲೆ ಉಳಿದ ಜಗತ್ತಿಗಿಂತ ಹತ್ತಾರು ಪಟ್ಟು ಹೆಚ್ಚಿತ್ತು. ಕೆಲವರಲ್ಲಿ ಪಾರ್ಕಿನ್ಸನ್ ಮತ್ತು ಮರೆಗುಳಿತನವೂ ಸೇರಿರುತ್ತಿತ್ತು. ಅವರು ತಾಳೆಯಂತೆ ಕಾಣುವ ಸೈಕಾಡ್ ಗಿಡದ ಬೀಜವನ್ನು ನೀರಿನಲ್ಲಿ ನೆನೆಸಿ, ತೊಳೆದು, ಹಿಟ್ಟು ಮಾಡಿ ತಿನ್ನುತ್ತಿದ್ದರು. ಅದರಲ್ಲಿ 1967ರಲ್ಲಿ ಬಿಎಂಎಎ ಎಂಬ ಅಮೈನೋ ಆಮ್ಲ ಸಿಕ್ಕಿತು. ನಮ್ಮ ಒಡಿಎಪಿಯ ದಾಯಾದಿ.

ನರತಂತು
ಅಲ್ಲಿ ಇನ್ನೂ ತೀರ್ಮಾನ ಆಗಿಲ್ಲ, ಅದನ್ನೂ ಸೇರಿಸಿ. ತೊಳೆದ ಹಿಟ್ಟಿನಲ್ಲಿ ಉಳಿಯುವ ಬಿಎಂಎಎ ಅತ್ಯಲ್ಪ ಎಂದು ಹಲವರು ತಕರಾರು ತೆಗೆದರು. ಆಗ ಸಸ್ಯವಿಜ್ಞಾನಿ ಪಾಲ್ ಕಾಕ್ಸ್ ಮತ್ತು ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ಇನ್ನೊಂದು ವಾದ ಮುಂದಿಟ್ಟರು: ಸೈಕಾಡ್ ಬೀಜ ತಿನ್ನುವ ಬಾವಲಿಗಳ ಮೈಯಲ್ಲಿ ವಿಷ ಸೇರುತ್ತದೆ, ಜನ ಆ ಬಾವಲಿ ತಿನ್ನುತ್ತಾರೆ ಎಂದು. ಅದನ್ನೂ ಎಲ್ಲರೂ ಒಪ್ಪಿಲ್ಲ. ಕಾಯಿಲೆಯಂತೂ ಅಲ್ಲಿ ಕ್ರಮೇಣ ಇಳಿದುಹೋಯಿತು. ಗುವಾಮ್ ಊಹೆ, ಕೇಸರಿ ಬೇಳೆ ಸಾಕ್ಷಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ರಾಗಿಮುದ್ದೆ_ರಂಗ
ಮರಗೆಣಸಿನಲ್ಲೂ ಇಂಥದ್ದೇ ಏನೋ ಇದೆ ಎಂದು ಕೇಳಿದ್ದೆ. ನನಗೆ ಅದು ಪ್ರಾಣ. ಬಿಡಬೇಕೇ?

ಕಾಳುಕಡಿ
ಬಿಡಬೇಕಿಲ್ಲ. ಕಹಿ ಜಾತಿಯ ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಲಿನಮರಿನ್ ಇರುತ್ತದೆ. ಬರಗಾಲದಲ್ಲಿ ಸರಿಯಾಗಿ ನೆನೆಸಿ ಒಣಗಿಸದೆ ಅದನ್ನೇ ವಾರಗಟ್ಟಲೆ ತಿಂದರೆ ಕಾಂಜೋ ಎಂಬ ಕಾಯಿಲೆ ಬರುತ್ತದೆ. ಇದೂ ಕಾಲುಗಳ ಬಿಗಿತವೇ, ಇದೂ ದಿಢೀರನೆ ಬರುವುದೇ. ಲ್ಯಾಥಿರಿಸಂ ಯುವಕರನ್ನು ಹೆಚ್ಚು ಹಿಡಿದರೆ ಕಾಂಜೋ ಮಕ್ಕಳನ್ನು ಮತ್ತು ಹೆಂಗಸರನ್ನು ಹಿಡಿಯುತ್ತದೆ. 1930ರ ದಶಕದಲ್ಲಿ ಕಾಂಗೋದಲ್ಲಿ ಇಟಲಿಯ ವೈದ್ಯ ಟ್ರೊಲ್ಲಿ ಮೊದಲು ವಿವರಿಸಿದ. 1981ರಲ್ಲಿ ಮೊಜಾಂಬಿಕ್‌ನ ನಂಪುಲಾದಲ್ಲಿ ಬರ ಬಂದಾಗ ಸಾವಿರಕ್ಕೂ ಹೆಚ್ಚು ಜನ ಅಂಗವಿಕಲರಾದರು. ಪರಿಹಾರ ಎಷ್ಟು ಸುಲಭ ನೋಡಿ: ಆಸ್ಟ್ರೇಲಿಯದ ಹೊವರ್ಡ್ ಬ್ರಾಡ್‌ಬರಿ ತೋರಿಸಿದ ವಿಧಾನದಲ್ಲಿ ಹಿಟ್ಟಿಗೆ ನೀರು ಕಲಸಿ ತೆಳ್ಳಗೆ ಹರಡಿ ಬಿಸಿಲಿನಲ್ಲಿ ಎರಡು ಗಂಟೆ, ನೆರಳಾದರೆ ಐದು ಗಂಟೆ ಬಿಟ್ಟರೆ ಸಯನೈಡ್ ಆವಿಯಾಗಿ ಹೋಗುತ್ತದೆ. ನೀವು ಸಿಹಿ ಗೆಣಸನ್ನು ಸಿಪ್ಪೆ ತೆಗೆದು ಬೇಯಿಸಿ, ನೀರು ಬಸಿದು ತಿನ್ನಿ.

ರಾಗಿಮುದ್ದೆ_ರಂಗ
ಜೀವ ಬಂತು.

ಹೊಲದ_ಬದು
ಮತ್ತೆ ಬೇಳೆಗೆ ಬರೋಣ. ಇಲ್ಲಿ ಯಾರೂ ಕೂಲಿಯ ಮಾತು ಎತ್ತಲಿಲ್ಲ. ಮಧ್ಯಪ್ರದೇಶದ ರೀವಾ, ಸತ್ನಾ ಕಡೆ ಜೀತದಾಳುಗಳಿಗೆ ಜಮೀನುದಾರರು ಕೂಲಿಯನ್ನು ಇದೇ ಕಾಳಿನಲ್ಲಿ ಅಳೆದು ಕೊಡುತ್ತಿದ್ದರು. ಗೋಧಿ ಒಡೆಯನ ಕಣಜಕ್ಕೆ, ತೇವಡಾ ಆಳಿನ ಸೆರಗಿಗೆ. ಒಡೆಯನೂ ಅದೇ ಕಾಳಿನ ತಿಂಡಿಯನ್ನು ಆಗಾಗ ತಿನ್ನುತ್ತಿದ್ದ, ಅವನ ಕಾಲಿಗೆ ಏನೂ ಆಗಲಿಲ್ಲ. ಆಳಿಗೆ ಮೂರು ಹೊತ್ತೂ ಅದೇ. ಕಾಲು ಹೋದವನು ಮೊದಲು ಒಂದು ಕೋಲು ಹಿಡಿದ, ಆಮೇಲೆ ಎರಡು, ಕೊನೆಗೆ ಅಂಗೈ ಊರಿ ತೆವಳಿದ. ವೈದ್ಯರ ವರ್ಗೀಕರಣವೂ ಹೀಗೇ ಇದೆ: ಒಂಟಿಕೋಲು, ಜೋಡಿಕೋಲು, ತೆವಳುವ ಹಂತ. ಈ ಕಾಯಿಲೆ ಕಡಿಮೆಯಾದದ್ದು ನಿಷೇಧದಿಂದಲ್ಲ. ನೀರಾವರಿ, ಪಡಿತರದ ಗೋಧಿ-ಅಕ್ಕಿ, ಜೀತಕ್ಕೆ ಬಿದ್ದ ತಡೆ ಇವುಗಳಿಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿಷ_ವಿಷವೇ
ಅಭಿಪ್ರಾಯ ಎಂದು ನೀವೇ ಹೇಳಿದಿರಿ. ಕೂಲಿಯಾಗಿ ಇದನ್ನು ಕೊಡಬಾರದು ಎನ್ನಲು ಒಂದು ಕಾನೂನು ಬೇಕಲ್ಲವೇ? ನಾಳೆ ನಿಷೇಧ ತೆಗೆದರೆ ಅಗ್ಗದ ಬೇಳೆ ಎಂದು ಮತ್ತೆ ಬಡವನ ತಟ್ಟೆಗೇ ಬರುವುದು. ನಿಮ್ಮ ನನ್ನ ತಟ್ಟೆಗಲ್ಲ.

ಹಳೆ_ಕಡತ
ಈ ಮಾತಿನಲ್ಲಿ ಹುರುಳಿದೆ. ವಾಪ್ನ್ಯಾರ್ಕಾ ಶಿಬಿರದ ಕಥೆ ಓದಿ. ಎರಡನೇ ಮಹಾಯುದ್ಧದಲ್ಲಿ ರುಮೇನಿಯದವರ ವಶದಲ್ಲಿದ್ದ ಉಕ್ರೇನಿನ ಭಾಗದಲ್ಲಿ ಯಹೂದಿ ಕೈದಿಗಳನ್ನು ಕೂಡಿಹಾಕಿದ್ದರು. 1942ರ ಕೊನೆಯಲ್ಲಿ ಅವರಿಗೆ ದಿನಕ್ಕೆ 400 ಗ್ರಾಂ ಈ ಕಾಳು, ಜೊತೆಗೆ ಹೊಟ್ಟು ಬೆರೆತ ಒಂದಿಷ್ಟು ಬ್ರೆಡ್. ಕುದುರೆಗೆ ಹಾಕುವ ಮೇವು ಅದು. ಕೆಲವೇ ತಿಂಗಳಲ್ಲಿ ನೂರಾರು ಜನರ ಕಾಲು ಬಿಗಿಯಿತು. ಕೈದಿಗಳಲ್ಲೇ ಇದ್ದ ಆರ್ಥರ್ ಕೆಸ್ಲರ್ ಎಂಬ ವೈದ್ಯ ಇದು ಕಾಳಿನ ಕೆಲಸ ಎಂದು ಗುರುತಿಸಿದ. ಕೈದಿಗಳು ಅದನ್ನು ತಿನ್ನಲು ನಿರಾಕರಿಸಿದ ಮೇಲೆಯೇ ಆಹಾರ ಬದಲಾದದ್ದು. ಬದುಕುಳಿದವರಿಗೆ ಕೆಸ್ಲರ್ ನಂತರ ಇಸ್ರೇಲಿನಲ್ಲಿ ದಶಕಗಳ ಕಾಲ ಚಿಕಿತ್ಸೆ ಕೊಟ್ಟ. ‘ಬೇರೆ ಆಹಾರದ ಜೊತೆ ತಿಂದರೆ ಏನೂ ಆಗದು’ ಎನ್ನುವುದು ಸರಿಯೇ, ಆದರೆ ತಟ್ಟೆಗೆ ಏನು ಬೀಳಬೇಕೆಂದು ತೀರ್ಮಾನಿಸುವವನು ತಿನ್ನುವವನಲ್ಲದಿದ್ದಾಗ?

ನೆನೆಸಿಟ್ಟ_ಅಕ್ಕಿ
ನೆನೆಸಿದರೆ ವಿಷ ಹೋಗುತ್ತದೆಯೇ? ಅಷ್ಟು ಹೇಳಿ ಸಾಕು.

ಕಾಳುಕಡಿ
ಬಹುಪಾಲು ಹೋಗುತ್ತದೆ, ಏಕೆಂದರೆ ಒಡಿಎಪಿ ನೀರಿನಲ್ಲಿ ಕರಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಬೇಕು, ಬೇಯಿಸಿದ ನೀರನ್ನೂ ಚೆಲ್ಲಬೇಕು. ಹುರಿದು ಹಿಟ್ಟು ಮಾಡಿದರೆ ಅಷ್ಟು ಹೋಗುವುದಿಲ್ಲ. ಬರಗಾಲದಲ್ಲಿ ಸೌದೆ ಇಲ್ಲ, ನೀರೇ ಇಲ್ಲ, ಎರಡೆರಡು ಬಾರಿ ನೀರು ಚೆಲ್ಲಿ ಎಂದು ಯಾರಿಗೆ ಹೇಳುತ್ತೀರಿ ಎನ್ನುವುದು ಬೇರೆ ಪ್ರಶ್ನೆ.

ಮೂಗುತಿ_ಸುಂದರಿ
ಕಲಬೆರಕೆ ಪತ್ತೆ ಮಾಡುವುದು ಹೇಗೆ? ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ ಎಂದು ವಿಡಿಯೋ ನೋಡಿದೆ.

ಗಾಜಿನ_ನಳಿಕೆ
ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಇದ್ದವಳು ನಾನು. ಆ ವಿಡಿಯೋ ನೋಡಿ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ನೀರು ಬೆರೆಸಿ ತೆಳುವಾಗಿಸಿದ ಆಮ್ಲದಲ್ಲಿ ಕಾಲು ಗಂಟೆ ಬೆಚ್ಚಗೆ ಇಟ್ಟಾಗ ನಿಧಾನವಾಗಿ ಗುಲಾಬಿ ಬಂದರೆ ಕೇಸರಿ ಬೇಳೆಯ ಅನುಮಾನ. ಆಮ್ಲ ಬಿದ್ದ ತಕ್ಷಣ ಕಡುಗುಲಾಬಿಯಾದರೆ ಅದು ಮೆಟಾನಿಲ್ ಹಳದಿ ಎಂಬ ಬಣ್ಣ, ಅದೂ ನಿಷೇಧಿತವೇ, ಆದರೆ ಬೇರೆ ಅಪರಾಧ. ಮನೆಯಲ್ಲಿ ಆಮ್ಲ ಹಿಡಿಯುವುದಕ್ಕಿಂತ ಕಣ್ಣನ್ನು ನಂಬಿ: ಬೇಳೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ. ತೊಗರಿಬೇಳೆ ದುಂಡಗೆ, ಮಟ್ಟಸವಾಗಿರುತ್ತದೆ. ಕೇಸರಿ ಬೇಳೆ ಚೌಕ ಚೌಕ, ಒಂದು ಬದಿ ಇಳಿಜಾರಾಗಿ ಕಡಿದಂತೆ ಕಾಣುತ್ತದೆ. ಪ್ರಮಾಣ ಅಳೆಯಲು ಎಸ್.ಎಲ್.ಎನ್. ರಾವ್ ಅವರೇ 1978ರಲ್ಲಿ ರೂಪಿಸಿದ ಬಣ್ಣದ ವಿಧಾನ ಇದೆ, ಅದಕ್ಕೆ ಉಪಕರಣ ಬೇಕು.

ಮಣ್ಣಿನ_ಮಡಕೆ
ಅದೇ ಒಡಿಎಪಿ ಚೀನಾದ ಒಂದು ಬಗೆಯ ಜಿನ್‌ಸೆಂಗ್ ಬೇರಿನಲ್ಲೂ ಇದೆ, ರಕ್ತ ನಿಲ್ಲಿಸುವ ಔಷಧಿಯಾಗಿ ಬಳಸುತ್ತಾರೆ. ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ನರತಂತು
ಈ ಬಾರಿ ನೀವು ಹೇಳಿದ್ದು ಸರಿ. ಆದರೆ ಔಷಧಿಯನ್ನು ಯಾರೂ ದಿನಕ್ಕೆ 400 ಗ್ರಾಂ ತಿನ್ನುವುದಿಲ್ಲ. ಮತ್ತು ಅದು ವಿದೇಶಿ ಅಧ್ಯಯನ.

ಹೊಲದ_ಬದು
ಈಗ ಹೊಸ ತಳಿಗಳಿವೆ: ರತನ್, ಪ್ರತೀಕ್, ಮಹಾತೇವಡಾ. ಹಳೆಯ ನಾಟಿ ತಳಿಗಳಲ್ಲಿ ಒಡಿಎಪಿ ಶೇ. 2ನ್ನು ದಾಟುವುದೂ ಇತ್ತು, ಇವುಗಳಲ್ಲಿ ಶೇ. 0.1ರ ಆಸುಪಾಸು. ಮಹಾರಾಷ್ಟ್ರ 2008ರಲ್ಲೇ ಮಾರಾಟ ನಿಷೇಧ ತೆಗೆಯಿತು. ನಾಗಪುರದ ಶಾಂತಿಲಾಲ್ ಕೊಠಾರಿ ಇದಕ್ಕಾಗಿ ಉಪವಾಸ ಕೂತು ಹೋರಾಡಿದವರು. ಕಡಿಮೆ ವಿಷದ ತಳಿಗೆ ಅನುಮತಿ ಕೊಡಿ, ನಾಟಿ ಬೀಜ ಬದಲಿಸಿ. ರೈತನಿಗೂ ಆದಾಯ, ಬೇಳೆ ಆಮದೂ ಕಡಿಮೆ.

ವಿಷ_ವಿಷವೇ
ಆ ಶೇ. 0.1 ಪ್ರಯೋಗದ ತಾಕಿನಲ್ಲಿ. ಪಕ್ಕದ ಹೊಲದ ನಾಟಿ ಗಿಡದಿಂದ ಜೇನುನೊಣ ಪರಾಗ ತಂದರೆ? ಬರ ಬಿದ್ದರೆ, ಮಣ್ಣಿನಲ್ಲಿ ಸತುವು ಕಡಿಮೆಯಾದರೆ ಅದೇ ತಳಿಯಲ್ಲಿ ವಿಷ ಏರುತ್ತದೆ ಎಂಬುದನ್ನೂ ಹೇಳಿ. ಬರ ಬಂದಾಗಲೇ ಜನ ಅದನ್ನು ಹೆಚ್ಚು ತಿನ್ನುವುದು.

ಹೊಲದ_ಬದು
ಏರುತ್ತದೆ, ಆದರೆ ನಾಟಿ ತಳಿಯ ಮಟ್ಟಕ್ಕೆ ಅಲ್ಲ. ಪರಾಗ ಬೆರೆಯುವುದು ನಿಜ, ಅದಕ್ಕೆ ಕೆಲವು ವರ್ಷಕ್ಕೊಮ್ಮೆ ಶುದ್ಧ ಬೀಜ ಕೊಡಬೇಕು. ಜೋಳಕ್ಕೆ, ಹತ್ತಿಗೆ ಮಾಡುವುದಿಲ್ಲವೇ?

ಗಾಜಿನ_ನಳಿಕೆ
ಮಾರುಕಟ್ಟೆಗೆ ಬಂದ ಚೀಲದಲ್ಲಿ ರತನ್ ಇದೆಯೋ ನಾಟಿ ಇದೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ. ನಿಷೇಧ ತೆಗೆಯುವ ಮೊದಲು ಅಲ್ಲೇ ಅಳೆಯುವ ವ್ಯವಸ್ಥೆ ಬೇಕು. ಪ್ರತಿ ಚೀಲವನ್ನೂ ಪ್ರಯೋಗಾಲಯಕ್ಕೆ ಕಳಿಸಲಾಗದು.

ಹೊಲದ_ಬದು
ಹಳ್ಳಿಯ ಹಾಲಿನ ಡೇರಿಯಲ್ಲಿ ಕೊಬ್ಬು ಅಳೆಯುವ ಯಂತ್ರ ಇಟ್ಟಿಲ್ಲವೇ? ಮನಸ್ಸಿದ್ದರೆ ಇದನ್ನೂ ಇಡಬಹುದು.

ವಿಷ_ವಿಷವೇ
ಮೊದಲು ಯಂತ್ರ ಇಡಲಿ. ಆಮೇಲೆ ನಿಷೇಧದ ಮಾತು. ಈ ಕ್ರಮಕ್ಕೆ ನೀವು ಒಪ್ಪುವುದಾದರೆ ನನ್ನದೇನೂ ತಕರಾರಿಲ್ಲ.

ಹೊಲದ_ಬದು
ಕಾನೂನಿನ ಪ್ರಕಾರ ಮಾರುಕಟ್ಟೆಗೇ ಬರಬಾರದ ಕಾಳನ್ನು ಅಳೆಯಲು ಯಾವ ಇಲಾಖೆ ಯಂತ್ರ ಕೊಳ್ಳುತ್ತದೆ?